ಫೋನು ಮೊದಲೋ, ಮಂಕು ಮೊದಲೋ

ನಮ್ಮ ಕಡೆ ಏಪ್ರಿಲ್ ಬಂತೆಂದರೆ ರಾತ್ರಿ ಮನೆಯೊಳಗೆ ಮಲಗುವವರು ಕಡಿಮೆ. ಊಟ ಮುಗಿಸಿ ಚಾಪೆ, ಕೌದಿ ಹಿಡಿದು ಎಲ್ಲರೂ ಮಾಳಿಗೆ ಹತ್ತುತ್ತಾರೆ. ಹೋದ ಬೇಸಿಗೆಯಲ್ಲಿ ಮಸ್ಕಿ ಕಡೆಯ ಹಳ್ಳಿಯೊಂದರಲ್ಲಿ ಬೀಗರ ಮನೆಯ ಮಾಳಿಗೆ ಮೇಲೆ ಮಲಗಿದ್ದೆ. ಹನ್ನೊಂದೂವರೆಗೆ ಕರೆಂಟು ಹೋಯಿತು. ಊರಿಗೆ ಊರೇ ಕತ್ತಲಾದ ಮೇಲೆ ನೋಡುತ್ತೇನೆ, ಆಚೀಚೆ ಮಾಳಿಗೆಗಳ ಮೇಲೆ ಚಾದರದೊಳಗಿಂದ ಸಣ್ಣ ಸಣ್ಣ ಬೆಳಕು. ಕೆಲಸವಿಲ್ಲದ ಮೇಷ್ಟ್ರು ಎಣಿಸಿದೆ, ಒಂಬತ್ತು ಇದ್ದವು. ಎರಡು ಗಂಟೆಗೆ ಸೊಳ್ಳೆ ಕಚ್ಚಿ ಎಚ್ಚರಾದಾಗ ಇನ್ನೂ ನಾಲ್ಕು ಉಳಿದಿದ್ದವು. ಅದರಲ್ಲೊಂದು ನನ್ನದೇ ವಿದ್ಯಾರ್ಥಿಯದು ಅಂತ ಬೆಳಿಗ್ಗೆ ಗೊತ್ತಾಯಿತು.

ಹುಡುಗನ ಹೆಸರು ಬೇಡ. ಸಿಂಧನೂರಿನಲ್ಲಿ ನಾನು ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳುತ್ತೇನೆ, ಅವನು ಆಗಷ್ಟೇ ಪ್ರಥಮ ವರ್ಷ ಮುಗಿಸಿದ್ದ. ವರ್ಷದ ಶುರುವಿನಲ್ಲಿ ಕಬಡ್ಡಿ ಅಂಗಳದಲ್ಲಿ ಇರುತ್ತಿದ್ದವನು ದಸರಾ ಆದ ಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟ. ಮೊದಲ ಪಿರಿಯಡ್‌ನಲ್ಲಿ ಬೆಂಚಿಗೆ ತಲೆ ಕೊಟ್ಟು ಮಲಗುವುದು, ಎಬ್ಬಿಸಿದರೆ ಸಿಡುಕುವುದು. ಅಂದು ಬೆಳಿಗ್ಗೆ ಅವನ ಅಜ್ಜಿ ನನ್ನನ್ನು ಕಟ್ಟೆಗೆ ಕೂರಿಸಿಕೊಂಡು, "ಎಲ್ಲಾ ಆ ಫೋನಿಂದ ಆಗೈತ್ರೀ ಮಾಸ್ತರ. ಗಾಳಿ ಗೀಳಿ ಆಗೈತೇನೋ ಅಂತ ತಾಯತಾನೂ ಕಟ್ಟಿಸಿದೆ. ಅದನ್ನ ಕಸ್ಕೊಂಡು ಬಾವ್ಯಾಗ ಒಗದ್ರ ಎಲ್ಲಾ ಸರಿ ಹೋಗ್ತೈತಿ" ಎಂದಳು.

ಅಜ್ಜಿಯ ಮಾತು ಅರ್ಧ ನಿಜ. ಮಿತಿಮೀರಿದ ಫೋನಿಗೂ ಖಿನ್ನತೆಗೂ ನಂಟಿದೆ ಎಂಬ ಆ ಅರ್ಧಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಉಳಿದರ್ಧ ಮಾತ್ರ ನಾವು ಅಂದುಕೊಂಡಿದ್ದಕ್ಕಿಂತ ತೊಡಕಿನದು.

ಮೊದಲು ಖಿನ್ನತೆ ಎಂದರೇನು ಅಂತ ಹೇಳಿಬಿಡುತ್ತೇನೆ. ಈಗ ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್ ಕಡಿಮೆ ಬಂದರೂ ಮಕ್ಕಳು "ಡಿಪ್ರೆಷನ್ ಆಗೈತ್ರೀ ಸರ್" ಅನ್ನುತ್ತಾರೆ. ವೈದ್ಯರು ಹೇಳುವ ಖಿನ್ನತೆ ಬೇರೆ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು, ಮನಸ್ಸು ಕುಗ್ಗಿರುವುದು ಇಲ್ಲವೇ ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ರುಚಿ ಹೋಗುವುದು. ಇದರ ಜೊತೆಗೆ ನಿದ್ದೆ, ಹಸಿವು ಏರುಪೇರಾಗುವುದು, ಸುಸ್ತು, ಓದಿದ್ದು ತಲೆಗೆ ಹತ್ತದಿರುವುದು, ತಾನು ಯಾತಕ್ಕೂ ಬಾರದವನು ಅನ್ನಿಸುವುದು, ಸಾವಿನ ಯೋಚನೆ. ಇವುಗಳಲ್ಲಿ ಹಲವು ಒಟ್ಟಿಗೆ ಸೇರಿ ಬದುಕಿನ ದಿನಚರಿಯನ್ನೇ ಕೆಡಿಸಿದಾಗ ಅದು ಕಾಯಿಲೆ. ಹದಿಹರೆಯದವರಲ್ಲಿ ಇನ್ನೊಂದು ವಿಶೇಷವಿದೆ. ಅಳುಮೋರೆಯ ಬದಲು ಅವರಲ್ಲಿ ಸಿಡುಕೇ ಮುಂದೆ ಕಾಣಬಹುದು. ನಾವು ಅದಕ್ಕೆ ಸೊಕ್ಕು ಎಂಬ ಹೆಸರಿಟ್ಟು ಎರಡೇಟು ಕೊಡುತ್ತೇವೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಸುಮಾರು ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಎಲ್ಲ ಬಗೆಯ ತೊಂದರೆಗಳೂ ಸೇರಿದ ಲೆಕ್ಕವಿದು. ಅರವತ್ತು ಮಕ್ಕಳ ನನ್ನ ತರಗತಿಗೆ ಹಚ್ಚಿ ನೋಡಿದರೆ ನಾಲ್ಕು ಮಂದಿ.

ಇನ್ನು ಇಂಟರ್‌ನೆಟ್ಟಿನ ವಿಚಾರ. ಇದು ಮನಸ್ಸನ್ನು ಕುಗ್ಗಿಸುತ್ತದೆಯೇ ಎಂಬ ಜಗಳ ಇಂಟರ್‌ನೆಟ್ಟಿನಷ್ಟೇ ಹಳೆಯದು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 73 ಮನೆಗಳಿಗೆ ಕಂಪ್ಯೂಟರ್, ಇಂಟರ್‌ನೆಟ್ ಕೊಟ್ಟು ನೋಡಿದ ಸಂಶೋಧಕರು, ಹೆಚ್ಚು ಬಳಸಿದವರಲ್ಲಿ ಒಂಟಿತನ, ಖಿನ್ನತೆಯ ಲಕ್ಷಣಗಳು ಹೆಚ್ಚಿದವು ಎಂದು 1998ರಲ್ಲಿ ಬರೆದರು. ಅದೇ ತಂಡ ಮುಂದೆ ಅದೇ ಜನರನ್ನು ವಿಚಾರಿಸಿದಾಗ ಆ ಕೆಡುಕು ಬಹುಮಟ್ಟಿಗೆ ಕರಗಿತ್ತು. 2002ರಲ್ಲಿ ಅದನ್ನೂ ಪ್ರಕಟಿಸಿದರು. ಮೊದಲಿನದಕ್ಕೆ ಸಿಕ್ಕ ಪ್ರಚಾರ ಎರಡನೆಯದಕ್ಕೆ ಸಿಗಲಿಲ್ಲ.

ಅಜ್ಜಿಯ ಪರವಾಗಿ ಗಟ್ಟಿಯಾಗಿ ನಿಲ್ಲುವುದು 2010ರಲ್ಲಿ ಬಂದ ಚೀನಾದ ಗುವಾಂಗ್‌ಝೌ ನಗರದ ಅಧ್ಯಯನ. ಅಲ್ಲಿ 13ರಿಂದ 18 ವಯಸ್ಸಿನ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಂಬತ್ತು ತಿಂಗಳು ಬಿಟ್ಟು ಎರಡು ಸಲ ವಿಚಾರಿಸಿದರು. ಬರೀ "ಎಷ್ಟು ತಾಸು ನೋಡ್ತೀರಿ" ಅಂತ ಕೇಳಲಿಲ್ಲ. ಕಿಂಬರ್ಲಿ ಯಂಗ್ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ 20 ಪ್ರಶ್ನೆಗಳ ಪಟ್ಟಿಯ ಜಾಡಿನಲ್ಲಿ ಕೇಳಿದರು. ನಿದ್ದೆ ಬಿಟ್ಟು ಕೂರುತ್ತೀಯಾ, ಸಿಗದಿದ್ದರೆ ಚಡಪಡಿಸುತ್ತೀಯಾ, ಗೆಳೆಯರಿಗಿಂತ ಅದೇ ಹೆಚ್ಚಾಯಿತಾ, ಇಂಥವು. ಮೊದಲ ಸಲ ಖಿನ್ನತೆ ಇಲ್ಲದಿದ್ದ ಮಕ್ಕಳಲ್ಲಿ, ಇಂಟರ್‌ನೆಟ್ ಕೈಮೀರಿದ್ದವರು ಒಂಬತ್ತು ತಿಂಗಳ ನಂತರ ಖಿನ್ನತೆಗೆ ಜಾರಿದ ಸಂಭವ ಮಿಕ್ಕವರಿಗಿಂತ ಸುಮಾರು ಎರಡೂವರೆ ಪಟ್ಟು ಇತ್ತು.

ಮೊದಲ ಸಲ ಖಿನ್ನತೆ ಇರಲಿಲ್ಲ ಎಂಬ ಮಾತೇ ಇದರ ತೂಕ. ಒಂದೇ ದಿನ ಕೇಳಿ ಬರೆದುಕೊಂಡ ಸರ್ವೆಯಲ್ಲಿ ಯಾವುದು ಮುಂದೆ ಬಂತು, ಯಾವುದು ಹಿಂದೆ ಅಂತ ತಿಳಿಯುವುದಿಲ್ಲ. ಇಲ್ಲಿ ಅಷ್ಟಾದರೂ ತಿಳಿಯುತ್ತದೆ. ಹಾಗಂತ ಎರಡೂವರೆ ಪಟ್ಟು ಎಂದ ಕೂಡಲೇ ಎದೆ ಒಡೆದುಕೊಳ್ಳುವುದೂ ಬೇಡ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಸಾಧಾರಣವಾಗಿ ಬಳಸುವ ನೂರು ಮಕ್ಕಳಲ್ಲಿ ಎಂಟು ಮಂದಿಗೆ ಖಿನ್ನತೆ ಬಂದರೆ, ಮಿತಿಮೀರಿ ಬಳಸುವ ನೂರರಲ್ಲಿ ಇಪ್ಪತ್ತು ಮಂದಿಗೆ. ಎಂಬತ್ತು ಮಂದಿಗೆ ಆಗಲೂ ಬರಲಿಲ್ಲ. ಮಕ್ಕಳು ತಾವೇ ಬರೆದುಕೊಟ್ಟ ಉತ್ತರಗಳು ಅವು, ಊರೂ ಒಂದೇ. ಆಗಿನ ಇಂಟರ್‌ನೆಟ್ ಹೆಚ್ಚಾಗಿ ಮೇಜಿನ ಮೇಲಿನ ಕಂಪ್ಯೂಟರಿನದು, ಚಾದರದೊಳಗೆ ಬರುತ್ತಿರಲಿಲ್ಲ.

ಇದಕ್ಕೆ ಎದುರು ವಾದವೂ ಅಷ್ಟೇ ಗಟ್ಟಿಯಾಗಿದೆ. 2019ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು ಅಮೆರಿಕ, ಬ್ರಿಟನ್ನಿನ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಫೋನು, ಟಿವಿ, ಕಂಪ್ಯೂಟರುಗಳ ಪಾಲು ಹೆಚ್ಚೆಂದರೆ ಶೇ. 0.4 ಎಂದರು. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ನಂಟು ಹೆಚ್ಚುಕಡಿಮೆ ಇಷ್ಟೇ ಅಂತ ಸೇರಿಸಿದರು. ಫೋನ್ ಕಂಪನಿಯವರಿಗೆ ಹಬ್ಬವೇ.

ಹಾಗಾದರೆ ಯಾರು ಸರಿ? ನನ್ನ ಪ್ರಕಾರ ಇಬ್ಬರೂ. ಬೆಳೆ ವಿಮೆ ಕಟ್ಟಿದ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಮೆ ನಿಮ್ಮ ಹೊಲದ ಇಳುವರಿ ನೋಡುವುದಿಲ್ಲ, ಪಂಚಾಯ್ತಿಯ ಸರಾಸರಿ ನೋಡುತ್ತದೆ. ನಿಮ್ಮ ನಾಲ್ಕೆಕರೆ ತೊಗರಿ ಸುಟ್ಟು ಹೋಗಿರಬಹುದು, ಪಂಚಾಯ್ತಿಯ ಸರಾಸರಿ ಚೆನ್ನಾಗಿದ್ದರೆ ಪೈಸೆ ಬರುವುದಿಲ್ಲ. ಶೇ. 0.4 ಎನ್ನುವುದು ಅಂಥ ಸರಾಸರಿ. ಅರ್ಧ ತಾಸು ಕ್ರಿಕೆಟ್ ಸ್ಕೋರ್ ನೋಡುವವನು, ಪಾಠದ ವಿಡಿಯೋ ನೋಡುವವಳು, ರಾತ್ರಿ ಎರಡರವರೆಗೆ ಮಾಳಿಗೆ ಮೇಲಿರುವವನು, ಎಲ್ಲರೂ ಅದರೊಳಗೆ ಕಲೆತು ಹೋಗಿದ್ದಾರೆ. ಗುವಾಂಗ್‌ಝೌ ಅಧ್ಯಯನ ಹುಡುಕಿದ್ದು ಸುಟ್ಟ ಹೊಲಗಳನ್ನು.

ಫೋನು ಮನಸ್ಸನ್ನು ಕುಗ್ಗಿಸುವುದಾದರೆ ಹೇಗೆ ಕುಗ್ಗಿಸುತ್ತದೆ? ದಾರಿಗಳು ಹಲವು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ನಿದ್ದೆ. 13ರಿಂದ 18ರ ಮಕ್ಕಳಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಬೇಗ ಮಲಗೆಂದರೆ ಅವರಿಗೆ ನಿಜಕ್ಕೂ ನಿದ್ದೆ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಕೈಯಲ್ಲಿ ಫೋನು. ಪರದೆಯ ನೀಲಿ ಬೆಳಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದಕ್ಕಿಂತ ದೊಡ್ಡ ಕಳ್ಳ ಪರದೆಯೊಳಗಿನ ಸಂಗತಿ ಎಂದು ನನಗನ್ನಿಸುತ್ತದೆ. ಒಂದು ಹೊಡೆದಾಟದ ಆಟ, ಒಂದು ಜಗಳದ ಕಾಮೆಂಟು, ನೀಲಿ ಟಿಕ್ ಬಿದ್ದೂ ಉತ್ತರ ಬಾರದ ಮೆಸೇಜು: ಇಷ್ಟು ಸಾಕು ಹದಿನೇಳರ ಹುಡುಗನನ್ನು ಎರಡರವರೆಗೆ ಎಚ್ಚರವಿಡಲು. ಮಾಳಿಗೆ ಮೇಲಿನ ನನ್ನ ವಿದ್ಯಾರ್ಥಿ ಕಾಲೇಜಿದ್ದ ದಿನಗಳಲ್ಲಿ ಆರಕ್ಕೆದ್ದು ಮೊದಲ ಬಸ್ಸು ಹಿಡಿಯಬೇಕು. ನಾಲ್ಕು ತಾಸು ನಿದ್ದೆ. ಹೀಗೆ ತಿಂಗಳುಗಟ್ಟಲೆ ನಿದ್ದೆಗೆಟ್ಟರೆ ಖಿನ್ನತೆಯ ಸಂಭವ ಹೆಚ್ಚುತ್ತದೆ ಎನ್ನುವುದರಲ್ಲಿ ದೊಡ್ಡ ತಕರಾರಿಲ್ಲ.

ನಿದ್ದೆಯೊಂದೇ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದವರು ಭತ್ತಕ್ಕೆ ಬೇಕಾದಷ್ಟು ಹಾಯಿಸಿಕೊಂಡರೆ ಮಾನ್ವಿ, ಸಿರವಾರದ ಟೇಲೆಂಡ್‌ನಲ್ಲಿ ಕಾಲುವೆ ಒಣಗುತ್ತದೆ. ನೀರು ಇದ್ದಷ್ಟೇ. ದಿನವೂ ಇಪ್ಪತ್ನಾಲ್ಕೇ ತಾಸು, ಫೋನು ಮೇಲ್ಭಾಗದಲ್ಲಿ ಕೂತರೆ ಒಣಗುವುದು ಆಟ, ಹರಟೆ, ಜಾತ್ರೆಯ ಓಡಾಟ, ಅಮ್ಮನ ಜೊತೆ ರೊಟ್ಟಿ ಒಲೆ ಮುಂದೆ ಕೂರುವುದು. ಮನಸ್ಸನ್ನು ಮೇಲೆತ್ತಿ ಹಿಡಿಯುವಂಥವೆಲ್ಲ ಟೇಲೆಂಡ್‌ನಲ್ಲೇ ಇರುತ್ತವೆ. (ಹೊಲದ ಮಾತು ಬಿಟ್ಟರೆ ನನಗೆ ಬೇರೆ ಹೋಲಿಕೆ ಹೊಳೆಯುವುದಿಲ್ಲ, ಸಹಿಸಿಕೊಳ್ಳಿ.)

ಬಿಡಲು ಯಾಕೆ ಆಗುವುದಿಲ್ಲ ಎನ್ನುವುದಕ್ಕೆ ಹಳೆಯ ಉತ್ತರವಿದೆ. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದ. ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ ಹಕ್ಕಿ ಬೇಕಾದಾಗಷ್ಟೇ ಕುಕ್ಕುತ್ತದೆ, ಯಾವಾಗ ಸಿಗುತ್ತದೋ ಗೊತ್ತಿಲ್ಲದಂತೆ ಮಾಡಿದರೆ ಬಿಡದೆ ಕುಕ್ಕುತ್ತದೆ. ನಮ್ಮಲ್ಲಿ ಓಸಿ ಮಟ್ಕಾ ಬರೆಸುವವರು ಇದೇ ಹಕ್ಕಿಗಳು. ರೀಲ್ಸ್ ಸರಿಸುವ ಬೆರಳೂ ಅದೇ, ಹತ್ತು ಸಪ್ಪೆ ವಿಡಿಯೋ ಆದ ಮೇಲೆ ಹನ್ನೊಂದನೆಯದು ನಗಿಸುತ್ತದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ದುಡ್ಡಿನ ಬದಲು ಹೊತ್ತು ಕಟ್ಟಿ ಆಡುವ ಈ ಆಟಕ್ಕೆ ಯಾವ ಕಾಯ್ದೆಯೂ ಇಲ್ಲ.

ಹೋಲಿಕೆಯ ಸಂಕಟ ಗೊತ್ತಿರುವುದೇ. ಬೆಂಗಳೂರಿಗೆ ಹೋದ ಊರಿನ ಗೆಳೆಯ ಯಾರದೋ ಬುಲೆಟ್ ಮೇಲೆ ಕೂತು ಫೋಟೋ ಹಾಕುತ್ತಾನೆ, ಮಾಳಿಗೆ ಮೇಲಿನವನು ಅದು ಅವನದೇ ಅಂತ ನಂಬುತ್ತಾನೆ. ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಯಾರಾದರೂ ಕೆಟ್ಟ ಮೆಸೇಜು ಕಳಿಸಿದರೆ, ಫೋಟೋ ಇಟ್ಟುಕೊಂಡು ಹೆದರಿಸಿದರೆ ಮನೆಯಲ್ಲಿ ಹೇಳುವಂತಿಲ್ಲ. ಹೇಳಿದರೆ ಮೊದಲು ಫೋನು ಹೋಗುತ್ತದೆ, ಹಿಂದೆಯೇ ಕಾಲೇಜು. ಹಾಗಾಗಿ ಒಬ್ಬಳೇ ನುಂಗಿಕೊಳ್ಳುತ್ತಾಳೆ. ಅಂಥವರಿಗೆ ಮಕ್ಕಳ ಸಹಾಯವಾಣಿ 1098 ಇದೆ ಎನ್ನುವುದನ್ನಾದರೂ ನಾವು ತರಗತಿಯ ಗೋಡೆ ಮೇಲೆ ಬರೆದಿಡಬೇಕು.

ಇಷ್ಟು ಅಜ್ಜಿಯ ಅರ್ಧ. ಉಳಿದರ್ಧವನ್ನು ನನಗೆ ಹೇಳಿಕೊಟ್ಟವನು ಹುಡುಗನೇ.

ಜೂನ್‌ನಲ್ಲಿ ಕಾಲೇಜು ಶುರುವಾದ ಮೇಲೆ ಒಂದು ದಿನ ಕ್ಯಾಂಟೀನ್ ಹಿಂದೆ ಕರೆದು, ಬೈಯದೆ ಕೇಳಿದೆ. "ಯಾಕಲೇ ತಮ್ಮಾ, ರಾತ್ರಿ ಎರಡರ ತನಕ ಫೋನ್ ನೋಡಿದ್ರ ನಿದ್ದಿ ಹೆಂಗ ಬರಬೇಕು?" ತಲೆ ತಗ್ಗಿಸಿ ಸ್ವಲ್ಪ ಹೊತ್ತು ನಿಂತ. "ಫೋನ್ ನೋಡಿದ್ದಕ್ಕ ನಿದ್ದಿ ಬರಲ್ಲ ಅಂತಲ್ಲ ಸರ್. ನಿದ್ದಿ ಬರಲ್ಲ ಅಂತ ಫೋನ್ ನೋಡ್ತೀನಿ."

ಯಾವಾಗಿನಿಂದ ಅಂದೆ. ದಸರಾ ಆದ ಮೇಲಿಂದ ಅಂದ. ದಸರಾ ಮುಗಿದ ವಾರವೇ ಅಪ್ಪ, ಅವ್ವ ತಂಗಿಯನ್ನು ಕಟ್ಟಿಕೊಂಡು ಗುಳೆ ಹೋಗಿದ್ದಾರೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಇವನನ್ನು ಓದಲೆಂದು ಅಜ್ಜಿ ಹತ್ತಿರ ಬಿಟ್ಟರು. ಅವ್ವ ಕೆಲಸ ಮುಗಿಸಿ, ಶೆಡ್ಡಿಗೆ ಬಂದು, ಅಡುಗೆ ಮಾಡಿ, ಉಂಡು, ವಿಡಿಯೋ ಕಾಲ್ ಮಾಡುವಾಗ ರಾತ್ರಿ ಹತ್ತೂವರೆ. ಆ ಕಾಲ್‌ಗಾಗಿ ಕಾಯುತ್ತಾನೆ. ಐದು ನಿಮಿಷ ಮಾತಾಡಿ ಅವಳು ಮಲಗುತ್ತಾಳೆ, ಇವನಿಗೆ ನಿದ್ದೆ ಬರುವುದಿಲ್ಲ. ಕಬಡ್ಡಿ ಯಾಕೆ ಬಿಟ್ಟೆ ಅಂದರೆ, "ಏನೋ ಸರ್, ಬ್ಯಾಸರ. ಅಲ್ಲಿ ಹೋಗಿ ಏನ್ ಮಾಡ್ಬೇಕು ಅನ್ನಿಸ್ತೈತಿ."

ಫೋನು ಹೆಚ್ಚಾಗುವ ಮುಂಚೆಯೇ ರುಚಿ ಹೋಗಿತ್ತು. ಖಿನ್ನತೆಯ ಮುಖ್ಯ ಲಕ್ಷಣವೇ ಅದು, ಯಾವುದೂ ಬೇಡವಾಗುವುದು. ಯಾವುದೂ ಬೇಡವಾದವನಿಗೆ ಅತಿ ಕಡಿಮೆ ಶ್ರಮದಲ್ಲಿ ಸಿಗುವುದು ಫೋನು. ಎದ್ದು ಹೋಗಬೇಕಿಲ್ಲ, ಯಾರ ಮುಖ ನೋಡಬೇಕಿಲ್ಲ, ಬೆರಳೊಂದು ಆಡಿದರೆ ಸಾಕು. ಹೀಗೆ ನಂಟು ಎರಡೂ ಕಡೆಯಿಂದ ಹರಿಯುತ್ತದೆ: ಮಂಕು ಫೋನಿಗೆ ತಳ್ಳುತ್ತದೆ, ಫೋನು ನಿದ್ದೆ ತಿಂದು ಮಂಕನ್ನು ಹೆಚ್ಚಿಸುತ್ತದೆ. ನಮ್ಮ ನೀರಾವರಿ ಭಾಗದ ಸವಳು-ಜವಳು ಹೊಲಗಳ ಹಾಗೆ. ನೀರು ಹೆಚ್ಚಾಗಿ ನೆಲ ಸವಳಾಯಿತು, ಸವಳು ನೆಲದಲ್ಲಿ ಜೋಳ, ಕಡಲೆ ಬರುವುದಿಲ್ಲ, ನೀರು ನಿಲ್ಲಿಸಿ ಭತ್ತವನ್ನೇ ಹಾಕಬೇಕು, ಮತ್ತೆ ನೀರು. ಹತ್ತು ವರ್ಷ ಆದ ಮೇಲೆ ಬಂದವನಿಗೆ ಇದು ಎಲ್ಲಿಂದ ಶುರುವಾಯಿತು ಅಂತ ಹೇಳಲಾಗುವುದಿಲ್ಲ. ಆದರೆ ನೆಲ ಸರಿಪಡಿಸಲು ನೀರು ನಿಲ್ಲಿಸಿದರೆ ಸಾಲದು, ಬಸಿಗಾಲುವೆ ತೆಗೆದು ಒಳಗಿನ ಉಪ್ಪನ್ನು ಹೊರಗೆ ಹರಿಸಬೇಕು ಎನ್ನುವುದು ಎಲ್ಲರಿಗೂ ಗೊತ್ತು.

ಹಾಗಾಗಿಯೇ ಬಾವಿಗೆ ಎಸೆಯುವ ಮದ್ದಿನ ಬಗ್ಗೆ ನನಗೆ ನಂಬಿಕೆಯಿಲ್ಲ. ನಾನೂ ಅದನ್ನೇ ಮಾಡಿದವನು. ನನ್ನ ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಫೋನು ಕಸಿದು ಬೀರುವಿನ ಮೇಲಿಟ್ಟೆ. ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಗೆಳೆಯನ ಒಡೆದ ಗಾಜಿನ ಹಳೇ ಫೋನು ಬಚ್ಚಲಲ್ಲಿ ಸಿಕ್ಕಿತು. ಪಡಸಾಲೆಯಲ್ಲಿ ಕೂತು ನೋಡುತ್ತಿದ್ದವನನ್ನು ಬಚ್ಚಲಿಗೆ ಕಳಿಸಿದ್ದು ನನ್ನ ಸಾಧನೆ. ಆಮೇಲೆ ಹೆಂಡತಿ ನನ್ನ ಫೋನಿನ ಸೆಟ್ಟಿಂಗ್ ತೆಗೆದು ನನ್ನದೇ ಲೆಕ್ಕ ತೋರಿಸಿದಳು: ದಿನಕ್ಕೆ ನಾಲ್ಕು ತಾಸು ಐವತ್ತು ನಿಮಿಷ. ಅದರ ವಿಚಾರ ಇಲ್ಲಿಗೆ ಸಾಕು.

ಇಡೀ ದೇಶಗಳೂ ಈಗ ಕಸಿಯುವ ದಾರಿ ಹಿಡಿದಿವೆ. ಆಸ್ಟ್ರೇಲಿಯಾದಲ್ಲಿ 16ರೊಳಗಿನವರು ಸೋಶಿಯಲ್ ಮೀಡಿಯಾ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬ ಕಾಯ್ದೆ 2025ರ ಡಿಸೆಂಬರ್ 10ರಿಂದ ಜಾರಿಯಲ್ಲಿದೆ. ಕಂಪನಿಗಳ ಕಿವಿ ಹಿಂಡುವುದು ಒಳ್ಳೆಯದೇ. ಅವ್ವನ ಮುಖ ಫೋನಿನಲ್ಲಿ ಮಾತ್ರ ಕಾಣುವ ಹುಡುಗನಿಗೆ ಅದು ಉತ್ತರವಲ್ಲ.

"ಇಂಟರ್‌ನೆಟ್ ಚಟ" ಎಂಬ ಪ್ರತ್ಯೇಕ ಕಾಯಿಲೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿಲ್ಲ. 2022ರ ಜನವರಿಯಿಂದ ಜಾರಿಯಾದ ಅದರ 11ನೇ ಆವೃತ್ತಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ: ಆಟ ಹಿಡಿತ ತಪ್ಪಬೇಕು, ಬೇರೆಲ್ಲಕ್ಕಿಂತ ಮುಂದೆ ಬರಬೇಕು, ಕೆಡುಕಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಯಬೇಕು, ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ. ತಾಸು ಎಣಿಸಿ ರೋಗ ಹೇಳುವುದಿಲ್ಲ. ಮನೆಯವರೂ ತಾಸು ಎಣಿಸುವುದಕ್ಕಿಂತ ಬೇರೆ ಪ್ರಶ್ನೆ ಕೇಳಿಕೊಳ್ಳಬಹುದು. ಫೋನಿಲ್ಲದ ಹೊತ್ತಿನಲ್ಲಿ ಈ ಮಗು ನಗುತ್ತದೆಯೇ? ಗೆಳೆಯರು ಕರೆದರೆ ಎದ್ದು ಹೋಗುತ್ತದೆಯೇ? ಇಷ್ಟದ ಹೋಳಿಗೆ ಮಾಡಿದ ದಿನ ಇನ್ನೊಂದು ಕೇಳುತ್ತದೆಯೇ? ಹೌದಾದರೆ ಅದು ಬರೀ ಮಿತಿಮೀರಿದ ಅಭ್ಯಾಸ ಇರಬಹುದು, ಶಿಸ್ತಿನಿಂದ ಹದಕ್ಕೆ ತರಬಹುದು. ಎರಡು ವಾರ ಕಳೆದರೂ ಇಲ್ಲವೆಂದಾದರೆ ಡಾಕ್ಟರ ಹತ್ತಿರ ಹೋಗುವ ಹೊತ್ತು. "ನಾನು ಇರಬಾರದಿತ್ತು" ಎಂಬಂಥ ಮಾತು ಬಂದರೆ ಎರಡು ವಾರವೂ ಕಾಯಬಾರದು. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆ ಹಗುರಾಗುತ್ತದೆ. ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಅವತ್ತೇ ಬೀಗದೊಳಗೆ ಹೋಗಬೇಕು. 14416, ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹುಚ್ಚಾಸ್ಪತ್ರೆಗೆ ಕರೆದೊಯ್ಯಬೇಕಾ ಅಂತ ಅಜ್ಜಿ ಹೆದರಿದ್ದಳು. ಅವಳಿಗೆ ನಾನು ಬಳ್ಳಾರಿಯ ಕತೆ ಹೇಳಿದೆ. ಮನಸ್ಸಿನ ಕಾಯಿಲೆಗೆ ದೂರದ ದೊಡ್ಡ ಆಸ್ಪತ್ರೆಗೇ ಹೋಗಬೇಕಿದ್ದ ಕಾಲದಲ್ಲಿ, 1985ರಿಂದ ಐದಾರು ವರ್ಷ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿದರು. ಅದು ನಡೆಯಿತು. ಅದೇ "ಬಳ್ಳಾರಿ ಮಾದರಿ" ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಪಕ್ಕದ ಜಿಲ್ಲೆ ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಪಠ್ಯಪುಸ್ತಕದಲ್ಲಿ ಯಾಕಿಲ್ಲವೋ. ಈಗ ಮನೋಚೈತನ್ಯ ಹೆಸರಿನ ಮಂಗಳವಾರದ ಕ್ಲಿನಿಕ್ಕುಗಳಿಗೆ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಹೋಗುವ ಮುಂಚೆ ಒಂದು ಮಾತು ವಿಚಾರಿಸಿಕೊಂಡು ಹೋದರೆ ಬಸ್ ಚಾರ್ಜು ಉಳಿಯುತ್ತದೆ. ಪರದೆಯ ತೊಂದರೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ "ಶಟ್" ಎಂಬ ಕ್ಲಿನಿಕ್ ಇದೆ, ಆದರೆ ಮೊದಲ ಮೆಟ್ಟಿಲು ಅಲ್ಲೇ ಆಗಬೇಕೆಂದಿಲ್ಲ.

ಡಾಕ್ಟರು ಹುಡುಗನನ್ನು ಮಾತಾಡಿಸಿ, ಇದು ಖಿನ್ನತೆಯೇ, ಮಧ್ಯಮ ಮಟ್ಟದ್ದು ಎಂದರು. ಗುಳಿಗೆ ಆಗಲೇ ಬೇಡ, ಮೊದಲು ಆಪ್ತಸಮಾಲೋಚನೆ, ಹದಿನೈದು ದಿನಕ್ಕೊಮ್ಮೆ ಬಾ ಅಂದರು. ಫೋನು ಬಿಡು ಅಂತ ಅವರು ಹೇಳಲೇ ಇಲ್ಲ. ದಿನವೂ ಒಂದೇ ಹೊತ್ತಿಗೆ ಏಳು, ಮನಸ್ಸಿಲ್ಲದಿದ್ದರೂ ಸಂಜೆ ಕಾಲು ತಾಸು ಕಬಡ್ಡಿ ಅಂಗಳದಲ್ಲಿ ನಿಂತು ಬಾ, ಆಡದಿದ್ದರೂ ಪರವಾಗಿಲ್ಲ ಅಂದರು. ಮನಸ್ಸು ಬಂದ ಮೇಲೆ ಮಾಡುವುದಲ್ಲ, ಮಾಡುತ್ತ ಹೋದರೆ ಮನಸ್ಸು ಹಿಂದೆ ಬರುತ್ತದೆ ಎನ್ನುವುದು ಈ ಚಿಕಿತ್ಸೆಯ ತಿರುಳು. ಅವ್ವನಿಗೆ ನಾನೇ ಫೋನ್ ಮಾಡಿದೆ. ಈಗ ಅವಳು ಅಡುಗೆಗೆ ಕೂತಾಗಲೇ, ಒಂಬತ್ತಕ್ಕೇ, ಒಲೆ ಮುಂದೆ ಫೋನು ನಿಲ್ಲಿಸಿಕೊಂಡು ಮಾತಾಡುತ್ತಾಳೆ. ಅವಳು ಅಲ್ಲಿ ಉಣ್ಣುವಾಗ ಇವನು ಇಲ್ಲಿ ಉಣ್ಣುತ್ತಾನೆ.

ಕಾಲ್ ಮುಗಿದ ಮೇಲೆ ಫೋನು ಅಜ್ಜಿಯ ಎಲೆ ಸಂಚಿಗೆ ಹೋಗಬೇಕು, ಬೆಳಿಗ್ಗೆ ಆರಕ್ಕೆ ಹೊರಬರಬೇಕು, ಇದು ಅವನೇ ಮಾಡಿಕೊಂಡ ಒಪ್ಪಂದ. ವಾರದಲ್ಲಿ ಎರಡು ದಿನ ಮುರಿಯುತ್ತಾನಂತೆ. ಹೋದ ತಿಂಗಳು ವರಾಂಡದಲ್ಲಿ ಸಿಕ್ಕ, ಮುಖ ಗಂಟು ಹಾಕಿಕೊಂಡು ಫೋನನ್ನು ಅಂಗಿಗೆ ಉಜ್ಜುತ್ತಿದ್ದ. ಏನಾಯಿತೋ ಅಂದೆ. "ನೋಡ್ರೀ ಸರ್, ಚಾರ್ಜಿಂಗ್ ತೂತಿನ್ಯಾಗ ಸುಣ್ಣ ಹೊಕ್ಕೈತಿ."